ಕೆಮಿಕಲ್ ವೇಸ್ಟಿನ ಜಂಟಿ ಕಾಂಟ್ರ್ಯಾಕ್ಟು: ತುಮಕೂರು ಕಡೆಯ ಕಾಲೇಜಿನವರು ಸಹಿ ಹಾಕೋ ಮುಂಚೆ ಓದಿ

ಮೂರು ಕಾಲೇಜಿಂದ ಒಂದೇ ಗಾಡಿ ಎತ್ತಿಕೊಂಡು ಹೋಗಿದ್ದು 460 ಕೆಜಿ. ಬಿಲ್ಲು ಬಂದಿದ್ದು 1,500 ಕೆಜಿಗೆ!

ಜಂಟಿ ಕಾಂಟ್ರ್ಯಾಕ್ಟ್ ಮಾಡೋದೇ ಕನಿಷ್ಠ ಚಾರ್ಜು ಹಂಚಿಕೊಳ್ಳೋಕೆ ತಾನೆ? ನೂರು ನೂರೈವತ್ತು ಕೆಜಿಗೆ ಯಾವ ಏಜೆನ್ಸಿಯ ಗಾಡಿಯೂ ಗೇಟಿಗೆ ಬರಲ್ಲ. ಅದಕ್ಕೇ ತುಮಕೂರಿನ ಮೂರು ಕಾಲೇಜು ಸೇರಿದ್ದು. ಅಗ್ರಿಮೆಂಟಲ್ಲಿ 'ಪ್ರತಿ ಪಿಕಪ್‌ಗೆ ಕನಿಷ್ಠ 500 ಕೆಜಿ' ಅಂತ ಒಂದು ಸಾಲಿತ್ತು. ಪಿಕಪ್ ಅಂದ್ರೆ ಗಾಡಿಯ ಒಂದು ಟ್ರಿಪ್ ಅಂತ ನಾವು ಓದಿಕೊಂಡ್ವಿ. ಏಜೆನ್ಸಿಯವರ ಲೆಕ್ಕದಲ್ಲಿ ಒಂದೊಂದು ಗೇಟೂ ಒಂದೊಂದು ಪಿಕಪ್ಪು. ಮೂರು ಬಿಲ್ಲನ್ನೂ ಒಂದೇ ಟೇಬಲ್ ಮೇಲೆ ಇಟ್ಟು ನೋಡಿದಾಗಲೇ ಗೊತ್ತಾಗಿದ್ದು. ಗಾಡಿ ನಂಬರ್ ಒಂದೇ, ತಾರೀಕು ಒಂದೇ, ಮೂರಕ್ಕೂ 500, 500, 500. ಫೋನ್ ಮಾಡಿದ್ರೆ ಉತ್ತರ ಏನು ಗೊತ್ತಾ? 'ಸಾರ್, ಅಗ್ರಿಮೆಂಟ್ ಇಂಗ್ಲಿಷಲ್ಲೇ ಇದೆಯಲ್ಲ, ನೀವೆಲ್ಲ ಓದಿದೋರು.'

ಆ 460ರಲ್ಲೂ ಆಟ ಇದೆ. ನಮ್ಮ ಹೆಕ್ಸೇನ್-ಅಸಿಟೋನ್ ಸಾಲ್ವೆಂಟ್ (ಕರಗಿಸೋ ದ್ರವ) ವೇಸ್ಟು 35 ಲೀಟರಿನ ಮೂರು ಕ್ಯಾನು. ಚೀಟಿಯಲ್ಲಿ 105 ಕೆಜಿ ಅಂತ ಬರೆದಿದ್ದಾರೆ, ಅಂದ್ರೆ ಲೀಟರನ್ನೇ ಕೆಜಿ ಮಾಡಿದ್ದಾರೆ. ಹೆಕ್ಸೇನ್ ಲೀಟರಿಗೆ 660 ಗ್ರಾಂ, ಅಸಿಟೋನ್ 790 ಗ್ರಾಂ. ಸ್ಟೋರಿನ ತಕ್ಕಡಿಯಲ್ಲಿ ಆ ಮೂರು ಕ್ಯಾನಿನ ಮಾಲು 76 ಕೆಜಿ. ಕ್ಲೋರೋಫಾರ್ಮ್ ಲೀಟರಿಗೆ ಒಂದೂವರೆ ಕೆಜಿ ಹತ್ತಿರ ತೂಗುತ್ತೆ. ಅದನ್ನು ಮಾತ್ರ ಲೀಟರಲ್ಲಿ ಬರೀಲಿಲ್ಲ, ತೂಕಕ್ಕೇ ಹಾಕಿದ್ರು ನೋಡಿ. ನಮ್ಮ ಒಟ್ಟು ನಿವ್ವಳ ತೂಕ 142, ಅವರ ಚೀಟಿಯಲ್ಲಿ 171.

ದುಡ್ಡು ಹೋದ್ರೆ ಹೋಯ್ತು. ದೊಡ್ಡ ತಲೆನೋವು ಮ್ಯಾನಿಫೆಸ್ಟು, ಅಂದ್ರೆ ವೇಸ್ಟಿನ ಜೊತೆ ಹೋಗೋ ಸಾಗಣೆ ದಾಖಲೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಫಾರಂ 10, ಏಳು ಪ್ರತಿ. ಬಿಳಿ ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು, ಹಳದಿ ನಮ್ಮ ಫೈಲಿಗೆ, ಮಾಲು ತಲುಪಿದ ಮೇಲೆ ವಿಲೇವಾರಿ ಘಟಕದವರು ನೀಲಿ ಪ್ರತಿ ವಾಪಸ್ ಕಳಿಸಬೇಕು. ನೀಲಿ ಬಂದರೇನೇ ಮಾಲು ಸೇರಿದ್ದಕ್ಕೆ ನಮ್ಮ ಹತ್ತಿರ ಆಧಾರ. ಏಜೆನ್ಸಿಯವರು 460 ಕೆಜಿಯನ್ನೂ ಅಗ್ರಿಮೆಂಟಿಗೆ ಮೊದಲು ಸಹಿ ಹಾಕಿದ ಕಾಲೇಜಿನ ಹೆಸರಲ್ಲಿ ಒಂದೇ ಮ್ಯಾನಿಫೆಸ್ಟ್ ಮಾಡಿ ಮುಗಿಸಿದ್ದಾರೆ. ನಮ್ಮದೂ ಸೇರಿ ಉಳಿದೆರಡು ಕಾಲೇಜಿಗೆ ಪೆನ್ನಲ್ಲಿ ಗೀಚಿದ ಪಿಕಪ್ ಚೀಟಿ. 'ಒಂದೇ ಗಾಡಿ ತಾನೆ ಸಾರ್, ಒಂದೇ ಮ್ಯಾನಿಫೆಸ್ಟ್ ಸಾಕು' ಅಂತೆ. ಬಿಲ್ಲಿಗೆ ಮೂರು ಗೇಟು, ಮ್ಯಾನಿಫೆಸ್ಟಿಗೆ ಮಾತ್ರ ಒಂದೇ ಗಾಡಿ! ನಾಳೆ ಆ ಮಾಲು ಯಾವುದೋ ಕೆರೆ ಏರಿ ಪಕ್ಕ ಸಿಕ್ಕಿದ್ರೆ ನಮ್ಮದು ಅಲ್ಲಿಲ್ಲ ಅನ್ನೋಕೆ ಏನು ತೋರಿಸೋದು?

ಲೋಡಿಂಗ್ ದಿನದ್ದೂ ಹೇಳಿಬಿಡ್ತೀನಿ. ಇನ್ನೊಂದು ಕಾಲೇಜಿಂದ ಬಂದ ಒಂದು ಕ್ಯಾನು ಚೆಂಡಿನ ಹಾಗೆ ಉಬ್ಬಿತ್ತು, ಮುಚ್ಚಳದ ಹತ್ತಿರ ಕಂದು ಹೊಗೆ. ಗಾಜು ತೊಳೆದ ನೈಟ್ರಿಕ್ ಆಸಿಡ್ಡನ್ನು ಅಸಿಟೋನ್ ಕ್ಯಾನಿಗೇ ಸುರಿದಿದ್ದಾರೆ. ನೈಟ್ರಿಕ್ಕು ಸಾಲ್ವೆಂಟನ್ನು ಸುಡ್ತಾ ಬಿಸಿಯಾಗುತ್ತೆ, ಗ್ಯಾಸ್ ಹುಟ್ಟುತ್ತೆ. ಬಿಗಿಯಾಗಿ ಮುಚ್ಚಿದ್ರೆ ಸಿಡಿಯೋದೇ. ಅದನ್ನು ನಮ್ಮ ಹೆಕ್ಸೇನಿನ ಪಕ್ಕಕ್ಕೇ ಇಟ್ರು. ಕೇಳಿದ್ರೆ ಡ್ರೈವರ್, 'ಹಗ್ಗ ಕಟ್ಟಿದೀನಲ್ಲ.' ಜಂಟಿ ಅಂದ್ರೆ ಪಕ್ಕದವರ ತಪ್ಪೂ ನಿಮ್ಮ ಗಾಡಿಯಲ್ಲೇ ಬರುತ್ತೆ.

ಸಹಿಗೆ ಮುಂಚೆ ಇಷ್ಟು ಬರೆಸಿಕೊಳ್ಳಿ: ಕನಿಷ್ಠ ತೂಕ ಗಾಡಿಗೆ, ಗೇಟಿಗಲ್ಲ. ಪ್ರತಿ ಕಾಲೇಜಿಗೂ ಅದರದೇ ಹೆಸರಲ್ಲಿ ಫಾರಂ 10. ತೂಕ ನಿಮ್ಮೆದುರೇ ಪ್ಲಾಟ್‌ಫಾರಂ ತಕ್ಕಡಿಯಲ್ಲಿ, ಖಾಲಿ ಕ್ಯಾನಿನ ತೂಕ ಕಳೆದು. ಇಡೀ ಲಾರಿ ತೂಗೋ ವೇಬ್ರಿಜ್ಜಿಗೆ ಒಪ್ಪಬೇಡಿ, ಅದು ಐದಾರು ಕೆಜಿ ವ್ಯತ್ಯಾಸ ತೋರಿಸಲ್ಲ. ಸಿಓಡಿ (ನೀರಿನ ಮಾಲಿನ್ಯ ಅಳೆಯೋ) ಟೆಸ್ಟಿನ ವೇಸ್ಟಲ್ಲಿ ಪಾದರಸ, ಬೆಳ್ಳಿ, ಕ್ರೋಮಿಯಂ ಇರುತ್ತೆ, ಅದಕ್ಕೆ ಬೇರೆ ಕ್ಯಾನು, ಬೇರೆ ರೇಟು. 'ಮೂರೂ ಕಾಲೇಜು ರೆಡಿಯಾಗಲಿ' ಅಂತ ಎಳೆದ್ರೆ ಕಾಯಬೇಡಿ. ವೇಸ್ಟನ್ನು ಇಟ್ಟುಕೊಳ್ಳೋಕೆ ಇರೋದು 90 ದಿನ, ಅದನ್ನು ವಿಸ್ತರಿಸೋದು ಮಂಡಳಿ, ಏಜೆನ್ಸಿ ಅಲ್ಲ.

ಜೂನ್ 30ರೊಳಗೆ ಫಾರಂ 4, ಅಂದ್ರೆ ವೇಸ್ಟಿನ ವಾರ್ಷಿಕ ಲೆಕ್ಕ, ತುಂಬಿ ಮಂಡಳಿಗೆ ಕೊಡಬೇಕು. ಕಳಿಸಿದ ಪ್ರಮಾಣ ಅನ್ನೋ ಜಾಗದಲ್ಲಿ ಏನು ಬರೀಬೇಕು? 142ಆ, 171ಆ, 500ಆ? ಕಾಗದದ ಪ್ರಕಾರ ಸೊನ್ನೆ.