ಆಕ್ಸಲಾಟಲ್‌ಗೆ ಆಫ್ರಿಕನ್ ಎರೆಹುಳು: 14 ತಿಂಗಳು ಸಾಕಿದ ಮೇಲೆ

ಕೊಂಡಿದ್ದು ಒಂದು ಕೆಜಿ ಆಫ್ರಿಕನ್ ಎರೆಹುಳು, 450 ರೂಪಾಯಿ, ದೊಡ್ಡಬಳ್ಳಾಪುರದ ಕಡೆ ಎರೆಗೊಬ್ಬರ ಮಾಡುವ ರೈತರೊಬ್ಬರಿಂದ. ತಿನ್ನುವವನು ನಮ್ಮ ಮನೆಯ ಆಕ್ಸಲಾಟಲ್ (ನೀರಲ್ಲೇ ಬದುಕುವ, ಹಲ್ಲಿಯಂಥ ಮೈಯ, ಕಪ್ಪೆಯ ಬಳಗದ ಪ್ರಾಣಿ), ಅಮ್ಮನ ಬಾಯಲ್ಲಿ 'ಮೊಸಳೆಮರಿ'.

ಇದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ತರಿಸಿ ಬೇಸ್ತುಬಿದ್ದಿದ್ದೆ. 'ಎರೆಹುಳು' ಅಂತಷ್ಟೇ ಬರೆದಿದ್ದರು, ಬಂದಿದ್ದು ಐಸೀನಿಯಾ ಫೆಟಿಡಾ, ಪಟ್ಟೆಪಟ್ಟೆಯ ಕೆಂಪು ಹುಳು. ಗೊಬ್ಬರಕ್ಕೆ ಚಿನ್ನದಂಥದ್ದು. ಆದರೆ ಕೆಣಕಿದರೆ ಮೈಯಿಂದ ನಾರುವ ಹಳದಿ ರಸ ಬಿಡುತ್ತೆ. ಆಕ್ಸಲಾಟಲ್ ಅಗಿದು ತಿನ್ನುವ ಪ್ರಾಣಿಯಲ್ಲ, ಗಬಕ್ಕನೆ ಬಾಯಿ ತೆಗೆದು ನೀರಿನ ಜೊತೆಗೇ ಒಳಗೆಳೆದುಕೊಳ್ಳುತ್ತೆ. ನಮ್ಮವನು ಹಾಗೇ ಎಳೆದುಕೊಂಡ, ಮರುಕ್ಷಣ ಉಗಿದ, ಆಮೇಲೆ ಮೂಲೆ ಸೇರಿಕೊಂಡ. ಆ ಹುಳುಗಳೆಲ್ಲ ಈಗ ಕರಿಬೇವಿನ ಕುಂಡದಲ್ಲಿ ಸುಖವಾಗಿವೆ.

ಆಫ್ರಿಕನ್ ಹುಳು, ಅಂದರೆ ಯೂಡ್ರಿಲಸ್ ಯೂಜೀನಿಯೆ, ದಪ್ಪ, ಕಂದುನೇರಳೆ ಬಣ್ಣ. ಮೊದಲ ದಿನವೇ ಎರಡು ನುಂಗಿದ. ಅವನ ತಲೆಗಿಂತ ಉದ್ದ ಇದ್ದರೆ ಕತ್ತರಿಸಿ ಹಾಕ್ತೀನಿ. ಹಿಂದಿನ ದಿನವೇ ಹುಳು ತೆಗೆದು ಒದ್ದೆ ಕಾಗದದಲ್ಲಿಟ್ಟರೆ ಹೊಟ್ಟೆಯ ಮಣ್ಣೆಲ್ಲ ಹೊರಹೋಗುತ್ತೆ, ಟ್ಯಾಂಕ್ ನೀರು ಬೇಗ ಕೆಡಲ್ಲ. ಪಾರ್ಕಿನಲ್ಲಿ ಅಗೆದು ತರೋಣ ಅನ್ನೋರಿಗೆ ಒಂದು ಮಾತು: ಆ ಮಣ್ಣಿಗೆ ಯಾವ ಔಷಧ ಹೊಡೆದಿದ್ದಾರೋ ನಿಮಗೆ ಗೊತ್ತಿರಲ್ಲ.

ಸಾಕೋದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹಸಿ ಸಗಣಿ. ಕೊಳೆಯುವಾಗ ಅದು ಕಾವೇರುತ್ತೆ ಅಂತ ಗೊತ್ತಿರಲಿಲ್ಲ, ಎರಡೇ ದಿನದಲ್ಲಿ ಕಾಲು ಭಾಗ ಹುಳು ಸತ್ತವು. ಈಗ ತೂತು ಹೊಡೆದ ಟಬ್‌ನಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹಳೇ ಒಣಸಗಣಿ, ಮೇಲೆ ಒದ್ದೆ ಗೋಣಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಸುರಿಯಬಾರದು. ಸೊಪ್ಪಿನ ದಂಟು, ಸೋರೆಕಾಯಿ ಸಿಪ್ಪೆ, ಟೀ ಚರಟ ಹಾಕ್ತೀನಿ. ನಿಂಬೆ, ಈರುಳ್ಳಿ, ಉಪ್ಪುಖಾರ ಬಿದ್ದಿದ್ದು ಬೇಡ. ಇರುವೆ ಕಾಟಕ್ಕೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದೀನಿ, ಅಜ್ಜಿ ಬೆಲ್ಲದ ಡಬ್ಬಕ್ಕೆ ಮಾಡ್ತಿದ್ದ ಉಪಾಯ. ಎರಡನೇ ತಿಂಗಳ ಹೊತ್ತಿಗೆ ಕೊತ್ತಂಬರಿ ಬೀಜದಷ್ಟು ಗಾತ್ರದ ಮೊಟ್ಟೆಕೋಶಗಳು ಕಂಡವು. ಆಮೇಲೆ ಹುಳು ಕೊಂಡಿಲ್ಲ.

ಬೆಂಗಳೂರಿನ ಹವೆ ಈ ಹುಳುವಿಗೆ ಒಗ್ಗುತ್ತೆ, 25 ಡಿಗ್ರಿ ಆಸುಪಾಸು ಅದಕ್ಕೆ ಹಿತ. ತಿನ್ನುವವನಿಗೆ ಮಾತ್ರ ನೀರು 20 ಡಿಗ್ರಿಗಿಂತ ಕೆಳಗಿರಬೇಕು. ಏಪ್ರಿಲ್‌ನಲ್ಲಿ ಊಟ ಬಾಲ್ಕನಿಯಲ್ಲಿ ಆರಾಮಾಗಿತ್ತು, ಇವನಿಗೆ ನಾನು ಐಸ್ ಬಾಟಲಿ ಹೊರುತ್ತಿದ್ದೆ.

ಈ ಜಾತಿ ತಪ್ಪಿಸಿಕೊಳ್ಳೋದರಲ್ಲಿ ಎತ್ತಿದ ಕೈ. ಜೂನ್‌ನ ಮೊದಲ ಜೋರು ಮಳೆಯ ರಾತ್ರಿ ಅಮ್ಮ ಬಂದು, "ಏಳೋ, ನಿನ್ನ ಮೊಸಳೆ ಊಟ ಮೆರವಣಿಗೆ ಹೊರಟಿದೆ" ಅಂದರು. ಟಬ್‌ನ ಗೋಡೆ ಹತ್ತಿ, ಟೈಲ್ಸ್ ಮೇಲೆ ಗೆರೆ ಎಳೆದ ಹಾಗೆ ನೂರಾರು. ಕೆಲವು ಪಕ್ಕದ ಮನೆ ಆಂಟಿಯ ಬಾಗಿಲ ರಂಗೋಲಿವರೆಗೂ ಹೋಗಿದ್ದವು. ಈಗ ಮೋಡ ಕವಿದರೆ ಸೊಳ್ಳೆಪರದೆ ಕಟ್ಟಿ ರಾತ್ರಿಯೆಲ್ಲ ಒಂದು ಬಲ್ಬ್ ಉರಿಸ್ತೀನಿ. ಹುಳುಗಳಿಗೆ ಬೆಳಕು ಆಗಲ್ಲ.

5ಕ್ಕೆ 4. ಒಂದು ಕಳೆದಿದ್ದು ತೂಕಕ್ಕೆ: ಆ ಒಂದು ಕೆಜಿಯಲ್ಲಿ ಅರ್ಧದಷ್ಟು ಗೊಬ್ಬರವೇ ಇತ್ತು.