ಕಾರ್ನೋಸಿನ್ ಕ್ಯಾಪ್ಸೂಲ್: 11 ತಿಂಗಳು ತಗೊಂಡ ಮೇಲೆ

ನಾನು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ವಯಸ್ಸು 57. ಹೋದ ವರ್ಷ ಹತ್ತಿ ಸೀಸನ್ನಿನಲ್ಲಿ ಸಿರವಾರ ಕಡೆಯ ರೈತರೊಬ್ಬರು ಎದುರು ಬಂದು ನಿಂತರು. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಮಾಲು ಹಾಕುವವರು. ತೂಕದ ಚೀಟಿ ಮುಂದಿದೆ, ಪೆನ್ನು ಕೈಯಲ್ಲಿದೆ, ಹೆಸರು ಮಾತ್ರ ಬರಲೊಲ್ಲದು. "ಏನ್ರೀ ಗುಮಾಸ್ತರ, ನನ್ ಹೆಸರಾ ಮರ್ತ್ರೇನು?" ಎಂದು ನಕ್ಕರು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಅಪ್ಪ ಕೊನೆಗಾಲದಲ್ಲಿ ಅವ್ವನನ್ನೇ ಗುರುತು ಹಿಡಿಯುತ್ತಿರಲಿಲ್ಲ.

ಮರೆವಿಗೆ ಕಾರ್ನೋಸಿನ್ ತಗೊಳ್ಳಿ ಅಂತ ಹೇಳಿದ್ದು ನನ್ನ ಅಳಿಯ. "ಮಾವಾ, ಇದು ಹೊರಗಿನದಲ್ಲ, ನಮ್ಮ ಮೈಯಲ್ಲೇ ಇರೋದು" ಎಂದ. ಮಾತು ನಿಜವೇ. ಬೀಟಾ ಅಲನಿನ್, ಹಿಸ್ಟಿಡಿನ್ ಎಂಬ ಎರಡು ಅಮೈನೋ ಆಮ್ಲ ಕೂಡಿ ಆದ ಪುಟ್ಟ ಪೆಪ್ಟೈಡ್ ಇದು. ನಮ್ಮ ಸ್ನಾಯುಗಳಲ್ಲಿ ಜಾಸ್ತಿ, ಮಿದುಳಿನಲ್ಲೂ ಇದೆ. 1900ರಲ್ಲಿ ರಷ್ಯಾದ ಗುಲೆವಿಚ್ ಎಂಬ ವಿಜ್ಞಾನಿ ಮಾಂಸದ ಸಾರದಿಂದ ಮೊದಲು ಬೇರ್ಪಡಿಸಿದ್ದು. ಕಾಳು, ಸೊಪ್ಪು, ರೊಟ್ಟಿಯಲ್ಲಿ ಇರುವುದಿಲ್ಲ, ಮಾಂಸ ಮೀನಿನಲ್ಲಿ ಮಾತ್ರ. ನಾವು ಮಾಂಸ ಮುಟ್ಟದ ಮನೆಯವರು. ಹಾಗಾದರೆ ನಮಗೇ ಇದು ಬೇಕಾಗಿರೋದು ಅಂತ ನನಗೂ ಅನ್ನಿಸಿತು.

ಮೊದಲನೇ ಸಲ ಮೆಡಿಕಲ್ ಅಂಗಡಿಯವರು ಕೊಟ್ಟ ಡಬ್ಬಿ ಮನೆಗೆ ತಂದು ಓದಿದರೆ, ಅದು ಕಾರ್ನಿಟಿನ್! ಅದು ಪೂರ್ತಿ ಬೇರೆ ವಸ್ತು. ಎರಡೂ ಮಾಂಸದ ಸಾರದಲ್ಲಿ ಸಿಕ್ಕವು, ಹಾಗಾಗಿ ಹೆಸರು ಹೀಗೆ ಹತ್ತಿರ. ವಾಪಸ್ ಕೊಟ್ಟು ಬೇರೆ ತರಿಸಿದೆ. ಅದರ ಮೇಲೆ ಕಂದು ಗುರುತು. ಒಳಗಿನ ಪುಡಿ ಕಾರ್ಖಾನೆಯಲ್ಲಿ ತಯಾರಾದದ್ದೇ, ಆದರೆ ಮೇಲಿನ ಸಿಪ್ಪೆ ಜೆಲಟಿನ್, ಅಂದರೆ ಪ್ರಾಣಿಯ ಮೂಳೆ ಚರ್ಮದ್ದು. ನನ್ನ ಹೆಂಡತಿ ಅದನ್ನು ದೇವರ ಮನೆ ಪಕ್ಕದ ಗೂಡಿನಲ್ಲಿ ಇಡಲು ಬಿಡಲಿಲ್ಲ. ಕೊನೆಗೆ ಹಸಿರು ಚುಕ್ಕೆಯದು ಸಿಕ್ಕಿತು. ತರಿಸುವ ಮುಂಚೆ ಹೆಸರಿನ ಒಂದೊಂದು ಅಕ್ಷರ, ಆಮೇಲೆ ಆ ಚುಕ್ಕೆ, ಎರಡನ್ನೂ ನೋಡಿಕೊಳ್ಳಿ.

ನವೆಂಬರಿನಿಂದ ದಿನಕ್ಕೆ 500 ಮಿಲಿಗ್ರಾಂನ ಎರಡು. 60ರ ಡಬ್ಬಿಗೆ 1,450 ರೂಪಾಯಿ. ಹನ್ನೊಂದು ಡಬ್ಬಿಗೆ 15,950 ಆಯಿತು. ಹೊಟ್ಟೆ ಕೆಡಲಿಲ್ಲ, ತಲೆನೋವು ಬರಲಿಲ್ಲ, ಅಷ್ಟು ಹೇಳಬಲ್ಲೆ.

ನೆನಪು ಸುಧಾರಿಸಿತೋ ಇಲ್ಲವೋ ಅಂತ ಸುಮ್ನೆ ಅಂದಾಜಿನಲ್ಲಿ ಹೇಳೋಕಾಗಲ್ಲ, ಅಲ್ವಾ? ಅದಕ್ಕೆ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಇಟ್ಟೆ. ರಾತ್ರಿ ಊಟ ಆದ ಮೇಲೆ, ಅವತ್ತು ಬಂದ ಹತ್ತು ರೈತರ ಹೆಸರು, ಊರು, ಚೀಲ ಎಷ್ಟು ಅಂತ ಏನೂ ನೋಡದೆ ಬರೆಯುವುದು. ಬೆಳಿಗ್ಗೆ ಅಂಗಡಿಯಲ್ಲಿ ಚೀಟಿ ಜೊತೆ ತಾಳೆ ನೋಡುವುದು. ಸರಿ ಇದ್ದರೆ ಟಿಕ್, ತಪ್ಪಿದ್ದರೆ ಸೊನ್ನೆ. ನವೆಂಬರಿನಲ್ಲಿ ಹತ್ತಕ್ಕೆ ನಾಲ್ಕು, ಐದು. ಮಾರ್ಚ್ ಮುಗಿಯುವಾಗಲೂ ಐದು. ಐದು ತಿಂಗಳಲ್ಲಿ ಒಂದು ಟಿಕ್ಕೂ ಮೇಲೆ ಏರಲಿಲ್ಲ.

ಏಪ್ರಿಲಿನಲ್ಲಿ ಪಾದ ಜುಮುಜುಮು ಅನ್ನತೊಡಗಿತು. ಶುಗರ್‌ನಿಂದ ಇರಬೇಕು ಅಂತ ಡಾಕ್ಟರ ಹತ್ತಿರ ಹೋದೆ. ಮರೆವಿನ ಮಾತೂ ಬಂತು. ಅವರು ಕೇಳಿದ್ದು ಎರಡೇ ಪ್ರಶ್ನೆ: ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಮಾಂಸ, ಮೊಟ್ಟೆ ತಿಂತೀರಾ? ಒಂಬತ್ತು ವರ್ಷದಿಂದ, ತಿನ್ನಲ್ಲ ಎಂದೆ. ರಕ್ತದಲ್ಲಿ ಬಿ12 ನೋಡಿಸಿದರು. 138 ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಹಿಡಿಯುತ್ತಾರೆ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ಬಿ12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮಾಂಸ, ಮೊಟ್ಟೆ ಬಿಟ್ಟವರಿಗೆ ಮೊದಲೇ ಅದು ಕಡಿಮೆ. ಅದರಿಂದ ಮರೆವೂ ಬರಬಹುದು, ಕಾಲು ಜುಮುಗುಡುವುದೂ ಬರಬಹುದು. ಶುಗರ್ ಮಾತ್ರೆ ನಿಲ್ಲಿಸಬೇಡಿ ಎಂದು ಹೇಳಿ, ಇಂಜೆಕ್ಷನ್ ಬರೆದರು. ಮೊದಲು ಒಂದಿನ ಬಿಟ್ಟು ಒಂದಿನ, ಆಮೇಲೆ ವಾರಕ್ಕೊಂದು.

ಜೂನ್ ಹೊತ್ತಿಗೆ ಏಳು ಟಿಕ್. ಆಗಸ್ಟಿನಲ್ಲಿ ಎಂಟು. ಪಾದದ ಜುಮು ಬಹಳ ಮಟ್ಟಿಗೆ ಹೋಯಿತು.

ಕ್ಯಾಪ್ಸೂಲಿನ ಬಗ್ಗೆ ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ. ನಮ್ಮ ರಕ್ತದಲ್ಲಿ ಕಾರ್ನೋಸಿನೇಸ್ ಎಂಬ ಕಿಣ್ವ ಇದೆ. ನುಂಗಿದ ಕಾರ್ನೋಸಿನ್ ರಕ್ತಕ್ಕೆ ಬಂದ ಕೂಡಲೇ ಅದು ಒಡೆದುಹಾಕುತ್ತದೆ. ಇಲಿಗಳ ರಕ್ತದಲ್ಲಿ ಈ ಕಿಣ್ವ ಇಲ್ಲ. ಹಾಗಾಗಿ ಪ್ರಯೋಗದಲ್ಲಿ ಇಲಿಗೆ ಆದ ಗುಣ ನಮಗೂ ಆಗಬೇಕೆಂದೇನಿಲ್ಲ. ಜಪಾನಿನಲ್ಲಿ ವಯಸ್ಸಾದವರಿಗೆ ದಿನಕ್ಕೆ 1 ಗ್ರಾಂನಂತೆ ಮೂರು ತಿಂಗಳು ಕೊಟ್ಟು ನೋಡಿದ್ದಾರೆ, ನೆನಪಿನ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಅನುಕೂಲ ಕಂಡಿದೆ. ಆದರೆ ಅವು ಸಣ್ಣ ಗುಂಪುಗಳು. ಕೊಟ್ಟಿದ್ದರಲ್ಲೂ ಮುಕ್ಕಾಲು ಪಾಲು ಆನ್ಸರಿನ್, ಅಂದರೆ ಕೋಳಿ, ಮೀನಿನಲ್ಲಿರುವ ಇದರದೇ ದಾಯಾದಿ. ನನ್ನ ಡಬ್ಬಿಯಲ್ಲಿ ಅದು ಇರಲೇ ಇಲ್ಲ.

ಸೆಪ್ಟೆಂಬರಿಗೆ ನಿಲ್ಲಿಸಿದೆ. ಇಂಜೆಕ್ಷನ್ ಮುಂದುವರಿಸಿದೆ, ಹಿಂದಿನ ಹಾಳೆಯನ್ನೂ ಬಿಡಲಿಲ್ಲ. ಮತ್ತೆ ಹತ್ತಿ ಸೀಸನ್ ಬಂತು. ಮಾನ್ವಿ, ದೇವದುರ್ಗ ಕಡೆಯ ಗಾಡಿಗಳು ಸಾಲುಗಟ್ಟಿದ ದಿನವೂ ಎಂಟು ಟಿಕ್ಕಿಗೆ ಕಡಿಮೆಯಾಗಿಲ್ಲ. ಕ್ಯಾಪ್ಸೂಲ್ ಇಲ್ಲದೆ ಮೂರು ತಿಂಗಳಾಯಿತು.

ಅದಕ್ಕೆ ನಾನು ಇದಕ್ಕೆ ಕೊಡುವುದು ಐದಕ್ಕೆ ಎರಡು. ಕಂಪನಿಯವರು ಮೋಸ ಮಾಡಿದರು ಅನ್ನಲ್ಲ. ಔಷಧವಾಗಿ ಬಳಸಲು ಅಲ್ಲ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು, ನಾನೇ ಅದನ್ನು ದಾಟಿ ಓದಿದೆ. ಆದರೆ ಮನೆಯಲ್ಲಿ ಅಪ್ಪನಿಗೋ ಅವ್ವನಿಗೋ ಮರೆವು ಶುರುವಾಗಿದೆ ಅಂತ ಇದನ್ನು ತರಿಸಲು ಹೊರಟಿದ್ದರೆ, ದಯವಿಟ್ಟು ಮೊದಲು ಬಿ12, ಥೈರಾಯ್ಡ್ ನೋಡಿಸಿ. ಆ ಐದು ತಿಂಗಳು ನಾನು ಸುಮ್ನೆ ಕಳೆದೆ, ಅದೇ ನನಗೆ ಸಂಕಟ. ಮಾರ್ಚಿನಲ್ಲಿ ಮತ್ತೆ ರಕ್ತ ಕೊಡಲು ಹೇಳಿದ್ದಾರೆ. ಬಂದ ನಂಬರನ್ನು ಇಲ್ಲೇ ಸೇರಿಸುತ್ತೇನೆ.