ಹತ್ತು ವರ್ಷ ಓಡಿಸಿದ ಹಳೇ ಲಾರಿಯ ಪವರ್ ಸ್ಟೀರಿಂಗ್: ನನ್ನ ಅನುಭವ

ನಮ್ಮ ಆರು ಚಕ್ರದ ಲಾರಿ 2005ರ ಮಾಡೆಲ್. 2014ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಆಗಿನಿಂದ ಹೆಚ್ಚಾಗಿ ಓಡಿರುವುದು ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಾಟ್ ಇಳಿಯಬೇಕು, ವಾಪಸ್ ಬರುವಾಗ ಹತ್ತಬೇಕು. ಆ ತಿರುವುಗಳಲ್ಲಿ ಸ್ಟೀರಿಂಗ್ ಹೇಗಿದೆ ಅಂತ ತೋಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಹತ್ತು ವರ್ಷ ಬಳಸಿದ ಮೇಲೂ ಈ ಪವರ್ ಸ್ಟೀರಿಂಗ್ ನನಗೆ ಇಷ್ಟ. ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕದೆ ಬಿಚ್ಚಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ. ನನಗೆ ಹಾಗೇ ಆಯಿತು.

2017ರ ಮಳೆಗಾಲ. ಸ್ಟೀರಿಂಗ್ ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಬಂತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ಗ್ಯಾರೇಜಿನಲ್ಲಿ ಸ್ಟೀರಿಂಗ್ ಬಾಕ್ಸ್ (ನಾವು ತಿರುಗಿಸಿದ್ದನ್ನು ಆಯಿಲ್ ಒತ್ತಡದ ಸಹಾಯದಿಂದ ಚಕ್ರದ ಕಡೆ ಕಳಿಸುವ ಪೆಟ್ಟಿಗೆ) ಇಳಿಸಿ ಸೀಲ್ ಕಿಟ್, ಅಂದರೆ ಆಯಿಲ್ ಸೋರದಂತೆ ತಡೆಯುವ ಸೀಲುಗಳ ಸೆಟ್, ಹಾಕಿದರು. ಎರಡು ದಿನ ಗಾಡಿ ನಿಂತಿತು, 6,000 ರೂಪಾಯಿ ಖರ್ಚಾಯಿತು. ಹೊರಗೆ ತಂದು ನೋಡಿದರೆ ಸ್ಟೀರಿಂಗ್ ಮೊದಲಿನ ಹಾಗೇ!

ಆಮೇಲೆ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಬಾಕ್ಸ್ ಕಡೆ ನೋಡಲೇ ಇಲ್ಲ. "ಮೊದಲು ಮುಂದಿನ ಆಕ್ಸಲ್‌ಗೆ ಜಾಕಿ ಕೊಡಪ್ಪಾ, ಎಂಜಿನ್ ಬಂದ್ ಇರಲಿ" ಅಂದರು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟೆವು. ಬರೀ ಜಾಕಿ ನಂಬಿ ಲಾರಿ ಕೆಳಗೆ ಯಾರೂ ಹೋಗಬೇಡಿ. ಎರಡೂ ಚಕ್ರ ಗಾಳಿಯಲ್ಲಿದ್ದರೂ ಸ್ಟೀರಿಂಗ್ ತುಂಬಾ ಬಿಗಿ. ಎಂಜಿನ್ ಬಂದ್ ಇದ್ದಾಗ ಒಳಗಿನ ಆಯಿಲ್ ತಳ್ಳಬೇಕಾಗುವುದರಿಂದ ಸ್ವಲ್ಪ ಭಾರ ಇರುವುದು ಸಹಜ. ಆದರೆ ಇದು ಅದಕ್ಕಿಂತ ತುಂಬಾ ಜಾಸ್ತಿ ಬಿಗಿ. ಬಾಕ್ಸಿನ ಕಡೆಯಿಂದ ಚಕ್ರಕ್ಕೆ ಹೋಗುವ ಡ್ರಾಗ್ ಲಿಂಕ್ ಅನ್ನುವ ರಾಡ್ ಬಿಡಿಸಿದರು. ತಕ್ಷಣ ಸ್ಟೀರಿಂಗ್ ಹಗುರವಾಯಿತು. ಚಕ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಅದು ಮಾತ್ರ ಜಗ್ಗಲಿಲ್ಲ.

ಅಂದರೆ ಬಾಕ್ಸಿನದೂ ತಪ್ಪಲ್ಲ, ಅದಕ್ಕೆ ಆಯಿಲ್ ಒತ್ತಡ ಕೊಡುವ ಪಂಪಿನದೂ ಅಲ್ಲ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕೀಲು, ಅಂದರೆ ಕಿಂಗ್ ಪಿನ್, ಒಣಗಿತ್ತು. ಗ್ರೀಸ್ ನಿಪ್ಪಲ್‌ನಲ್ಲಿ ಮಣ್ಣು ಕಟ್ಟಿಕೊಂಡು, ಹೊಡೆದ ಗ್ರೀಸ್ ಒಳಗೆ ಹೋಗಿರಲೇ ಇಲ್ಲ. ಅಲ್ಲಿ ಭಾರ ಹೊರುವ ಥ್ರಸ್ಟ್ ಬೇರಿಂಗ್ ತುಕ್ಕು ಹಿಡಿದಿತ್ತು. ಈಗ ಗ್ರೀಸ್ ಹೊಡೆಸುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. ಹಳೇ ಗ್ರೀಸ್ ಅಂಚಿನಿಂದ ಹೊರಗೆ ಬಂದದ್ದು ಕಂಡರೆ ಮಾತ್ರ ಕೆಲಸ ಆಯಿತು ಅಂತ ಲೆಕ್ಕ.

2021ರಲ್ಲಿ ಬೇರೆಯೇ ತೊಂದರೆ. ಸ್ಟೀರಿಂಗ್ ಆಯಿಲ್ ಡಬ್ಬದಲ್ಲಿ ಮಟ್ಟ ಇಳಿಯುತ್ತಿತ್ತು. ವಾರಕ್ಕೊಮ್ಮೆ ಟಾಪ್ ಅಪ್ ಮಾಡಬೇಕು. ಹೋಸು, ಬಾಕ್ಸು, ಪಂಪು ಎಲ್ಲ ಒರೆಸಿ ನೋಡಿದೆ, ಎಲ್ಲೂ ಒಂದು ಹನಿ ಇಲ್ಲ. ಹಾಗಾದರೆ ಆಯಿಲ್ ಹೋಗುವುದೆಲ್ಲಿಗೆ? ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದಾಗ ಉತ್ತರ ಸಿಕ್ಕಿತು. ಅಲ್ಲಿ ಮಟ್ಟ ಏರಿತ್ತು. ನಮ್ಮ ಗಾಡಿಯ ಪಂಪ್ ಬೆಲ್ಟಿನಿಂದ ತಿರುಗುವುದಲ್ಲ, ಎಂಜಿನ್ನಿನ ಗೇರಿನಿಂದ. ಅದರ ಶಾಫ್ಟ್ ಸೀಲ್ ಹೋದರೆ ಸ್ಟೀರಿಂಗ್ ಆಯಿಲ್ ನೇರವಾಗಿ ಎಂಜಿನ್ ಒಳಗೆ ಇಳಿಯುತ್ತದೆ. ಎಂಜಿನ್ ಆಯಿಲ್ ತೆಳುವಾದರೆ ಬೇರಿಂಗ್‌ಗೇ ಕುತ್ತು. ಪಂಪಿನ ಸೀಲ್ ಬದಲಿಸಿ, ಎಂಜಿನ್ ಆಯಿಲ್ಲನ್ನೂ ಪೂರ್ತಿ ಬದಲಿಸಿದೆ. ಗೇರ್ ಪಂಪ್ ಇರುವವರು ಎರಡು ಕಡೆಯ ಮಟ್ಟವನ್ನೂ ಒಟ್ಟಿಗೇ ನೋಡಿ.

ಆಯಿಲ್‌ನಲ್ಲಿ ನೊರೆ, ಜೊತೆಗೆ ಕುಂಯ್ ಅನ್ನುವ ಸದ್ದು ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ನನ್ನದರಲ್ಲಿ ಡಬ್ಬದಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ ಸಡಿಲ ಇತ್ತು, ಅಷ್ಟೇ. ಎರಡೂ ಕಡೆ ಭಾರ, ರೇಸ್ ಕೊಟ್ಟರೆ ಹಗುರ ಅಂದರೆ ಪಂಪ್ ಸವೆದಿರಬಹುದು. ಒಂದೇ ಕಡೆಗೆ ಭಾರ ಅಂದರೆ ಹೆಚ್ಚಾಗಿ ಬಾಕ್ಸ್ ಒಳಗಿನ ಕೆಲಸ. ಪಂಪ್ ಬಗ್ಗೆ ಅನುಮಾನ ಇದ್ದರೆ ಪ್ರೆಶರ್ ಗೇಜ್ ಹಾಕಿ ನೋಡಲು ಹೇಳಿ. ಆಯಿಲ್ ದಾರಿ ತಡೆಯುವ ಗೇಜಿನ ವಾಲ್ವ್ 5 ಸೆಕೆಂಡಿಗಿಂತ ಜಾಸ್ತಿ ಮುಚ್ಚಿಡಬಾರದು, ಪಂಪ್ ಸುಡುತ್ತದೆ. ಸ್ಟೀರಿಂಗ್ ಪೂರ್ತಿ ಲಾಕ್ ಆಗುವವರೆಗೆ ತಿರುಗಿಸಿ ಹಿಡಿದಿಟ್ಟುಕೊಳ್ಳುವುದೂ ಅದಕ್ಕೇ ತಪ್ಪು. ಇನ್ನು ಮುಂದಿನ ಟೈರಿನ ಗಾಳಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಅಲ್ವಾ? ಗಾಳಿ ಕಮ್ಮಿ ಇದ್ದರೆ ಯಾವ ಸ್ಟೀರಿಂಗ್ ಆದರೂ ಭಾರವೇ.

ಒಂದು ಮಾತು ಹೇಳಲೇಬೇಕು. ಡೀಸೆಲ್ ಉಳಿಸಲು ಘಾಟಿನಲ್ಲಿ ಎಂಜಿನ್ ಬಂದ್ ಮಾಡಿ ಇಳಿಸುವವರನ್ನು ಈಗಲೂ ನೋಡುತ್ತೇನೆ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ ಅಣ್ಣಂದಿರೇ, ಮನೆಯಲ್ಲಿ ಕಾಯುವವರಿದ್ದಾರೆ.

ಹಳೇ ಲಾರಿ ಕೊಳ್ಳುವವರು ಪವರ್ ಸ್ಟೀರಿಂಗ್ ಇರುವುದನ್ನೇ ಕೊಳ್ಳಿ. ದಿನವಿಡೀ ಓಡಿಸಿದ ಮೇಲೆ ಭುಜಕ್ಕೆ ಅದರ ಬೆಲೆ ತಿಳಿಯುತ್ತದೆ. ನನ್ನ ಗಾಡಿಯಲ್ಲಿ ಈಗ ಬಾಕ್ಸಿನ ಕೆಳಗೆ, ಡ್ರಾಪ್ ಆರ್ಮ್ (ಡ್ರಾಗ್ ಲಿಂಕ್ ಎಳೆಯುವ ತೋಳು) ಹತ್ತಿರದ ಸೀಲ್‌ನಲ್ಲಿ ಸಣ್ಣಗೆ ತೇವ ಕಾಣುತ್ತಿದೆ. ಸ್ಟೀರಿಂಗ್ ಹಗುರವಾಗಿಯೇ ಇದೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆಗೆ) ಗಾಡಿ ನಿಲ್ಲಿಸಿದಾಗ ಅದೊಂದು ಸೀಲ್ ಮಾತ್ರ ಹಾಕಿಸುತ್ತೇನೆ.